ಡ್ರಮ್ಮೋ ಗಿಟಾರೋ

ಉತ್ತಮ್ ಯಾವುದನ್ನೂ ಹೋಲಿಸಿ ನೋಡದೆ ಕೊಳ್ಳುವವನಲ್ಲ. ಟೋಸ್ಟರ್ ಬೇಕೆಂದರೆ ಪರ್ತ್‌ನಲ್ಲಿರುವ ಅಣ್ಣ ಗುರುದತ್‌ಗೆ ಫೋನು, ಮಂಚ ಬೇಕೆಂದರೆ ಅಡಿಲೇಡ್‌ನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗ ಯಶವಂತನಿಗೆ ಫೋನು. ಇದರಿಂದ ಒಳ್ಳೆಯದೂ ಆಗಿದೆ ಅನ್ನಿ, ಆ ಟೋಸ್ಟರ್ ಇವತ್ತಿಗೂ ಕೆಟ್ಟಿಲ್ಲ. ಆದರೆ ಹೋಲಿಕೆ ಮುಗಿಯದೆ ನಿಂತುಹೋದ ಸಂಗತಿಗಳೂ ಆ ಮನೆಯಲ್ಲಿದ್ದವು. ಹೆಂಡತಿ ಶ್ರೀಲಕ್ಷ್ಮಿಗೆ ಕಾರು ಓಡಿಸುವುದನ್ನು ಯಾರಿಂದ ಕಲಿಸಬೇಕೆಂಬುದು ತೀರ್ಮಾನವಾಗಿರಲಿಲ್ಲ. ಅವಳು ಯಾವ ಕೋರ್ಸು ಸೇರಬೇಕೆಂಬುದೂ ಅಷ್ಟೆ. ಅವಳ ಮೃದಂಗ ಮೈಸೂರಿನಲ್ಲಿ ಅಕ್ಕನ ಮನೆಯ ಕೋಣೆಯಲ್ಲಿ ಕೂತಿತ್ತು, ಏಕೆಂದರೆ ಅದನ್ನು ಬ್ರಿಸ್ಬೇನಿಗೆ ತರಿಸಲು ಯಾವ ಕಾರ್ಗೋ ಕಂಪನಿ ಮೇಲು ಎಂದು ಉತ್ತಮ್ ಇನ್ನೂ ನೋಡುತ್ತಿದ್ದ.

ಹೀಗಾಗಿ ಮದುವೆಯಾಗಿ ಬಂದು ವರ್ಷ ಕಳೆದರೂ ಶ್ರೀಲಕ್ಷ್ಮಿಯ ಆಸ್ಟ್ರೇಲಿಯಾ ಎಂದರೆ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ, ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲಿನ ಒಂದು ಟೌನ್‌ಹೌಸು. ಎಲ್ಲ ಮನೆಗಳೂ ಒಂದೇ ಬಣ್ಣ, ಒಂದೇ ಗ್ಯಾರೇಜು. ದೊಡ್ಡ ಗೇಟಿನ ರಿಮೋಟು ಉತ್ತಮನ ಕಾರಿನಲ್ಲಿ ಆಫೀಸಿಗೆ ಹೋಗಿಬಿಡುತ್ತಿತ್ತು. ಪಕ್ಕದ ಚಿಕ್ಕ ಗೇಟಿನಿಂದ ಹೊರಗೆ ಹೋಗಬಹುದಿತ್ತು, ಆದರೆ ಹೋಗುವುದೆಲ್ಲಿಗೆ? ಬಿಸಿಲಲ್ಲಿ ಬಸ್‌ಸ್ಟಾಪಿನ ತನಕ ಹೋಗಿ, ಬಸ್ಸು ಆಗಲೇ ಹೋಗಿದೆ ಎಂದು ತಿಳಿದು ವಾಪಸು. ಕೈ ತಡೆಯದೆ ಒಂದು ದಿನ ಅಕ್ಕಿ ಡಬ್ಬಿಯ ಮೇಲೆ ನುಡಿಸುತ್ತಿದ್ದಾಗ ಪಕ್ಕದ ಮನೆಯವರು ಗೋಡೆ ತಟ್ಟಿದರು. "ಬೇಡ ಶ್ರೀ," ಎಂದ ಉತ್ತಮ್, "ಏಜೆಂಟಿಗೆ ಕಂಪ್ಲೇಂಟ್ ಹೋದ್ರೆ ಲೀಸ್ ರಿನ್ಯೂ ಮಾಡಲ್ಲ." ಅಂದಿನಿಂದ ಡಬ್ಬಿಯೂ ಸುಮ್ಮನಾಯಿತು.

2015ರ ಕೊನೆಯ ಮಾತು. ಟಿವಿಗೆ ಜೋಡಿಸಿಕೊಂಡು ಸಂಗೀತ ನುಡಿಸುವ ಎರಡು ವಿಡಿಯೋ ಗೇಮುಗಳು ಒಂದಕ್ಕೊಂದು ಪೈಪೋಟಿಯಲ್ಲಿ ಮಾರಾಟಕ್ಕೆ ಬಂದಿದ್ದವು. ಒಂದರಲ್ಲಿ ಬರೀ ಗಿಟಾರು. ಇನ್ನೊಂದರಲ್ಲಿ ರಬ್ಬರಿನ ಡ್ರಮ್ಮುಗಳು. ಹೊಡೆದರೆ ನಾದ ಟಿವಿಯಿಂದ ಬರುತ್ತದೆ, ಬೇಕಾದಷ್ಟು ಸಣ್ಣದು ಮಾಡಿಕೊಳ್ಳಬಹುದು. ಜಾಹೀರಾತು ನೋಡಿದ ದಿನವೇ ಶ್ರೀಲಕ್ಷ್ಮಿ, "ರೀ, ಆ ಡ್ರಮ್ ಇರೋದು ತಗೊಳ್ಳೋಣ," ಅಂದಳು. ಈ ದೇಶಕ್ಕೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

"ತಗೊಳ್ಳೋಣ," ಎಂದ ಉತ್ತಮ್. "ಎರಡನ್ನೂ ಕಂಪೇರ್ ಮಾಡಿಬಿಡ್ತೀನಿ."

ಹೋಲಿಕೆ ನಡೆದು ನಡೆದು ಕೊನೆಗೊಂದು ಶನಿವಾರ ಅವರು ಅಂಗಡಿಯಲ್ಲಿ ನಿಂತರು. ಎರಡು ಗೇಮುಗಳೂ ಆಡಿ ನೋಡಲು ಅಕ್ಕಪಕ್ಕದಲ್ಲೇ ಇದ್ದವು. ಉತ್ತಮನ ಕೈಯಲ್ಲಿ ಫೋನು, ಫೋನಿನಲ್ಲಿ ಪರ್ತ್, ಅಡಿಲೇಡ್ ಎರಡೂ ಸ್ಪೀಕರಿನಲ್ಲಿ.

"ಲೋ ಉತ್ತಮ, ಗಿಟಾರಿಂದು ತಗೊಳ್ಳೋ," ಎಂದ ಗುರುದತ್, ಬಾಯಲ್ಲಿ ದೋಸೆ. ಪರ್ತ್‌ನಲ್ಲಿ ಇನ್ನೂ ತಿಂಡಿ ಹೊತ್ತು. "ನಮ್ಮನೆ ಬಾರ್ಬೆಕ್ಯೂ ಪಾರ್ಟಿಗೆ ಬಂದೋರೆಲ್ಲ ಅದನ್ನೇ ಆಡಿದ್ದು."

"ಗುರಣ್ಣ, ನಿಮ್ಮನೆ ಬಾರ್ಬಿಗೆ ಬರೋರಿಗೆಲ್ಲ ಮಂಡಿನೋವು. ನಿಂತ್ಕೊಂಡು ಗಿಟಾರ್ ಹಿಡಿದ್ರೆ ಅದೇ ದೊಡ್ಡದು," ಎಂದ ಯಶವಂತ. "ಇಲ್ಲಿ ನಮ್ ರೂಮಲ್ಲಿ ಎರಡೂ ಇವೆ. ಗಿಟಾರ್ ಆಗ್ಲೇ ಸೋಫಾ ಕೆಳಗೆ ಹೋಯ್ತು. ಡ್ರಮ್ಮಿಗೆ ಇವತ್ತಿಗೂ ಜಗಳ. ಅತ್ತಿಗೆಗೆ ಡ್ರಮ್ಮೇ ಕೊಡಿಸಿ."

"ಓದೋಕೆ ಕಳಿಸಿದ್ರೆ ಡ್ರಮ್ ಬಡೀತಿದೀಯಾ? ಚಿಕ್ಕಪ್ಪನಿಗೆ ಹೇಳ್ತೀನಿ ತಾಳು."

"ಹೇಳಿ. ನಿಮ್ಮ ಬಾರ್ಬಿ ಬಿಲ್ಲೂ ಹೇಳ್ತೀನಿ, ಬಾಟಲಿ ಸಮೇತ."

"ಒಂದ್ನಿಮಿಷ ಇಬ್ಬರೂ ಸುಮ್ನಿರಿ," ಎಂದ ಉತ್ತಮ್. "ಅವಳೇ ಆಡ್ಲಿ. ಚೆನ್ನಾಗಿ ಬಂದ್ರೆ ಡ್ರಮ್. ಬರ್ಲಿಲ್ಲಾಂದ್ರೆ ಅಣ್ಣ ಹೇಳಿದ್ದು. ಸರೀನಾ?"

ಎಲ್ಲರೂ ಸರಿ ಅಂದರು. ಶ್ರೀಲಕ್ಷ್ಮಿಯನ್ನು ಯಾರೂ ಕೇಳಲಿಲ್ಲ, ಅವಳು ಆಗಲೇ ಸ್ಟೂಲಿನ ಮೇಲೆ ಕೂತಾಗಿತ್ತು.

ಎದುರಿಗೆ ನಾಲ್ಕು ಬಣ್ಣದ ನಾಲ್ಕು ರಬ್ಬರ್ ತಟ್ಟೆಗಳು. ಪರದೆಯ ಮೇಲೊಂದು ರಸ್ತೆ, ಅದರಲ್ಲಿ ಬಣ್ಣದ ಪಟ್ಟಿಗಳು ಜಾರಿ ಬರುತ್ತವೆ. ಪಟ್ಟಿ ಕೆಳಗೆ ತಲುಪಿದಾಗ ಅದೇ ಬಣ್ಣದ ತಟ್ಟೆಗೆ ಹೊಡೆಯಬೇಕು. ಅವಳು ಕೋಲುಗಳನ್ನು ಪಕ್ಕಕ್ಕಿಟ್ಟು ಅಂಗೈ ಒರೆಸಿಕೊಂಡಳು. ಹಾಡು ಗೊತ್ತಿಲ್ಲದ್ದು, ಆದರೆ ತಾಳಕ್ಕೆ ಊರಿದೆಯೇ? ನಾಲ್ಕು ಪೆಟ್ಟು ಪಟ್ಟಿಗಳ ಜೊತೆ ಹೋದವು. ಅಷ್ಟರಲ್ಲಿ ಕಿವಿಗೆ ಲಯ ಸಿಕ್ಕಿತು. ಪೆಟ್ಟು ಪೆಟ್ಟಿನ ನಡುವೆ ಎಷ್ಟೊಂದು ಜಾಗ ಖಾಲಿ ಬಿಟ್ಟಿದ್ದಾರೆ ಎಂದು ಕೈಗೆ ಕಂಡಿತು. ಬೆರಳುಗಳು ತಾವಾಗಿ ಅದನ್ನು ತುಂಬಿದವು. ಸಾಲಿನ ಕೊನೆಗೆ, ಮೃದಂಗದ ಗುರುಗಳು ಬಾಲ್ಯದಿಂದ ತಿದ್ದಿದ್ದ, ಮೂರು ಸಲ ಮರಳಿ ನುಡಿಸುವ ಮುಕ್ತಾಯ ಬಂದು ಮುಂದಿನ ಸಾಲಿನ ಮೊದಲ ಪೆಟ್ಟಿನ ಮೇಲೆ ಸರಿಯಾಗಿ ಇಳಿಯಿತು. ಪಕ್ಕದಲ್ಲಿ ಗಿಟಾರ್ ಹಿಡಿದಿದ್ದ ದಾಡಿಯವನು ಆಟ ನಿಲ್ಲಿಸಿ ಇತ್ತ ತಿರುಗಿದ.

ಪರದೆ ಕೆಂಪಾಯಿತು. ಹಾಡು ನಿಂತಿತು. ಆಟದೊಳಗಿನ ಪ್ರೇಕ್ಷಕರು ಹೋ ಎಂದು ಕೂಗಿ ಗೇಲಿ ಮಾಡಿದರು.

"ಏನಾಯ್ತೋ?" ಪರ್ತ್ ಕೇಳಿತು.

"ಫೇಲ್," ಎಂದ ಉತ್ತಮ್.

"ಹೋಗ್ಲಿ ಬಿಡಮ್ಮಾ ಶ್ರೀಲಕ್ಷ್ಮಿ, ಎಲ್ಲಾರ್ಗೂ ಬರಲ್ಲ ಅದು."

"ತಪ್ಪು ಹೊಡೀಲಿಲ್ಲ ಭಾವ," ಅಂದಳು ಅವಳು. "ಜಾಸ್ತಿ ಹೊಡೆದೆ."

"ಅಯ್ಯೋ ಅತ್ತಿಗೆ, ಅದರಲ್ಲಿ ಜಾಸ್ತಿ ಹೊಡೆದ್ರೂ ತಪ್ಪೇ," ಎಂದ ಯಶವಂತ. "ಬಂದಷ್ಟಕ್ಕೆ ಮಾತ್ರ ಹೊಡೀಬೇಕು. ಕೋಲು ತಗೊಳ್ಳಿ, ಹಾಡು ಕೇಳ್ಲೇಬೇಡಿ, ಬರೀ ಬಣ್ಣ ನೋಡಿ. ಉತ್ತಮಣ್ಣ, ಇನ್ನೊಂದು ಚಾನ್ಸ್ ಕೊಡಿ."

ಉತ್ತಮ್ ಕೊಟ್ಟ. ಶ್ರೀಲಕ್ಷ್ಮಿ ಕೋಲು ಹಿಡಿದಳು. ಕಿವಿಯನ್ನು ಎಲ್ಲೋ ಇಟ್ಟು ಕಣ್ಣಿಂದ ಹೊಡೆದಳು. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಕೈ ನಡುವೆ ಏನೋ ಹೇಳಲು ಬಂದಾಗಲೆಲ್ಲ ತಡೆದಳು. ಹಾಡಿನ ಅರ್ಧಕ್ಕೆ ತಡೆಯುವುದು ಸುಲಭವಾಯಿತು. ಕೊನೆಗೆ ತಡೆಯಲು ಏನೂ ಬರಲಿಲ್ಲ.

ಪರದೆಯ ತುಂಬ ನಕ್ಷತ್ರಗಳು.

"ಅಣ್ಣಾ, ಫುಲ್ ಮಾರ್ಕ್ಸ್," ಎಂದ ಉತ್ತಮ್. ಅವನ ಮುಖ ನಿಜಕ್ಕೂ ಅರಳಿತ್ತು. ಹೆಂಡತಿಗೆ ಬೇಕಾದದ್ದು ಕೊಡಿಸಲು ಕಾರಣ ಸಿಕ್ಕಿದ ಸಂತೋಷ ಅದು.

"ಹಂಗಾದ್ರೆ ಡ್ರಮ್ಮೇ ತಗೋ. ನಂದೇನಿಲ್ಲ," ಎಂದ ಗುರುದತ್, ಕೊಂಚ ಸಪ್ಪಗೆ.

ಶ್ರೀಲಕ್ಷ್ಮಿ ಸ್ಟೂಲಿನಿಂದ ಏಳಲಿಲ್ಲ. ಉತ್ತಮನ ಕಾರು ಹೋಗಿ ಗ್ಯಾರೇಜಿನ ಬಾಗಿಲು ಇಳಿದ ಮೇಲೆ ದಿನವಿಡೀ ತಾನು ಇದರ ಮುಂದೆ ಕೂರುತ್ತೇನೆ ಎಂದು ಅವಳಿಗೆ ಗೊತ್ತಿತ್ತು, ಬೇರೇನಿದೆ ಮಾಡಲು? ಕೂತರೆ ಕೈ ಕಲಿಯುತ್ತದೆ. ಒಂದು ಹಾಡಿಗೇ ಇಷ್ಟು ಕಲಿತಿದೆ. ಮುಂದೆಂದೋ ಮೃದಂಗ ಬಂದು ಇಳಿದ ದಿನ, ಈ ಕೈ ಅದರ ಮುಂದೆ ಪಟ್ಟಿ ಬರಲಿ ಎಂದು ಕಾಯುತ್ತಾ ಕೂತರೆ?

"ಗಿಟಾರಿಂದೇ ತಗೊಳ್ಳಿ," ಅಂದಳು.

"ಯಾಕೆ? ಈಗ ಅಷ್ಟು ಚೆನ್ನಾಗಿ ಆಡಿದೆಯಲ್ಲ."

"ಅದಕ್ಕೇ."

"ಶ್ರೀ, ನೀನೇ ಕೇಳಿದ್ದು ಅದನ್ನ."

"ಕೇಳಿದ್ದೆ. ನಂಗೆ ಗಿಟಾರ್ ಬರಲ್ಲ ರೀ. ಆ ಗೇಮು ಹೆಂಗೆ ಕಲಿಸಿದ್ರೂ ನಂದೇನೂ ಹಾಳಾಗಲ್ಲ."

ಉತ್ತಮ್ ಒಮ್ಮೆ ಅವಳನ್ನು, ಒಮ್ಮೆ ಡ್ರಮ್ಮನ್ನು ನೋಡಿದ. ಫೋನಿನಲ್ಲಿ ಗುರುದತ್ ಚೇತರಿಸಿಕೊಂಡು, "ನಾನು ಮೊದ್ಲೇ ಹೇಳ್ಲಿಲ್ವಾ," ಎಂದ.

"ಅತ್ತಿಗೆ, ಆಮೇಲೆ ಬೇಜಾರು ಮಾಡ್ಕೋತೀರ," ಎಂದ ಯಶವಂತ.

"ಮಾಡ್ಕೋತೀನಿ ಕಣೋ. ನೀನು ಓದ್ಕೋ ಹೋಗು."

ಕಾರಿನ ಡಿಕ್ಕಿಯಲ್ಲಿ ಕನ್ನಡ ಸಂಘದ ಮಡಿಸುವ ಕುರ್ಚಿಗಳಿದ್ದವು. ಹಿಂದಿನ ಸೀಟಿನಲ್ಲೂ ಅವೇ. ಗಿಟಾರಿನ ಉದ್ದ ಪೆಟ್ಟಿಗೆಯನ್ನು ಶ್ರೀಲಕ್ಷ್ಮಿ ತೊಡೆಯ ಮೇಲೇ ಇಟ್ಟುಕೊಂಡಳು, ಮೇಲೆ ಬೆಲ್ಟು. ಗಾಜು ಏರಿಸಿತ್ತು, ಅಲುಗಲು ಜಾಗವಿರಲಿಲ್ಲ. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಬೆರಳುಗಳು ರಟ್ಟಿನ ಮೇಲೆ ಶುರುಮಾಡಿದ್ದವು. ಒಳಗೆ ಟೊಳ್ಳು, ಎಡಗಡೆ ಗುಂ ಎನ್ನುತ್ತಿತ್ತು.

ಉತ್ತಮ್ ರೇಡಿಯೋ ಆಫ್ ಮಾಡಿದ. "ಕೇಳಿಸ್ತಾ?"

"ಏನು?"

"ಕೆಳಗಡೆ ಏನೋ ಟಕಟಕ ಅಂತು." ಅವಳು ಕೈ ತಡೆದಳು. "ಈಗ ನಿಂತ್ಹೋಯ್ತು," ಎಂದ ಅವನು.

ಕಾರು ಮುಂದೆ ಹೋಯಿತು. ಕೈ ಮತ್ತೆ ಶುರುವಾಯಿತು. ಈ ಸಲ ಅವಳು ತಡೆಯಲಿಲ್ಲ.

"ಸಸ್ಪೆನ್ಷನ್ನೇ ಇರ್ಬೇಕು," ಎನ್ನುತ್ತಾ ಉತ್ತಮ್ ಎದುರು ಸಿಕ್ಕ ಪೆಟ್ರೋಲ್ ಬಂಕಿಗೆ ತಿರುಗಿಸಿ, ಪಂಪುಗಳಿಂದ ದೂರ ನಿಲ್ಲಿಸಿ, ಇಳಿದು ಬಾನೆಟ್ ಎತ್ತಿದ. ಮುಂದಿನ ಗಾಜಿನ ತುಂಬ ಬಾನೆಟ್ಟೇ ಆಯಿತು. ಅವನು ಅವಳಿಗೆ ಕಾಣಲಿಲ್ಲ, ಅವಳು ಅವನಿಗೆ ಕಾಣಲಿಲ್ಲ. ಪರ್ತ್‌ಗೆ ಮಾತಾಡುವುದು ಮಾತ್ರ ಕೇಳುತ್ತಿತ್ತು. ರನ್‌ಕಾರ್ನ್‌ನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದಾನಂತೆ, ಆಫೀಸಿನ ಹತ್ತಿರ ಇನ್ನೊಬ್ಬ.

ಇದು ಬೇಗ ಮುಗಿಯುವ ಮಾತಲ್ಲ. ಶ್ರೀಲಕ್ಷ್ಮಿ ಬೆಲ್ಟಿನೊಳಗೇ ಕೊಂಚ ನೆಟ್ಟಗೆ ಕೂತು, ಪೆಟ್ಟಿಗೆಯನ್ನು ಅಡ್ಡ ತಿರುಗಿಸಿಕೊಂಡು, ನಿಧಾನ ಗತಿಯಲ್ಲಿ ಮೊದಲಿನಿಂದ ನುಡಿಸತೊಡಗಿದಳು.

"ಅಣ್ಣ, ಎಂಜಿನ್ ಆಫ್ ಮಾಡಿದ್ರೂ ಬರ್ತಾ ಇದೆ ಕಣೋ," ಎನ್ನುತ್ತಿದ್ದ ಉತ್ತಮ್.