ಹುಳದ ಮನೆಯ ನಗು

"ಈಗೆಲ್ಲಿ ಹುಳ ಅಣ್ಣ? ಚಪ್ಪಲಿ ಹಾಕ್ಕೊಂಡೇ ಬನ್ನಿ," ಎಂದಳು ಪದ್ಮಶ್ರೀ.

ಅಷ್ಟರಲ್ಲಿ ಅಮರನಾಥ್ ಚಪ್ಪಲಿ ಬಿಟ್ಟು, ತೊಟ್ಟಿಯ ಪಕ್ಕ ನಿಂತು ಕಾಲು ತೊಳೆಯುತ್ತಿದ್ದ. ಆ ಮನೆಯವರು ರೇಷ್ಮೆ ಹುಳ ಸಾಕುವುದನ್ನು ಬಿಟ್ಟು ಟೊಮೆಟೊ ಹಿಡಿದು ಎಷ್ಟೋ ವರ್ಷಗಳಾಗಿದ್ದವು. ಆದರೂ ಕಾಲು ತೊಳೆಯದವರನ್ನು ಎಂದೂ ಒಳಗೆ ಬಿಡದಿದ್ದ ಹುಳದ ಮನೆಯ ಹೊಸ್ತಿಲು ಕಂಡರೆ ಅವನ ಕಾಲು ಇವತ್ತಿಗೂ ತಾನಾಗಿ ನೀರು ಹುಡುಕುತ್ತಿತ್ತು.

ಪದ್ಮಶ್ರೀ ದನಿ ತಗ್ಗಿಸಿದಳು. "ಆಪರೇಷನ್ ಆಗಿ ಬಂದಾಗಿಂದ ನಮ್ಮನೆಯವ್ರು ಇಲ್ಲೇ ಮಂಚ ಹಾಕಿಸ್ಕೊಂಡವ್ರೆ. ಯಾರಾದ್ರೂ ನೋಡೋಕೆ ಬಂದ್ರೆ ಗೋಡೆ ಕಡೆ ತಿರುಕ್ಕೊಂತಾರೆ. ನಾಳಿದ್ದಿಂದ ಗಂಟ್ಲಿಗೆ ಕರೆಂಟ್ ಇಡ್ಬೇಕು, ಅದೇ ರೇಡಿಯೇಷನ್ನು, ಅಂದವ್ರೆ ಡಾಕ್ಟ್ರು. ಇಡಿಸ್ಕೊಂಡ್ರೆ ಉಳೀತಾರಂತೆ. ಇವ್ರು ಬರಲ್ಲ ಅಂತ ತಲೆ ಆಡಿಸ್ತಾರೆ ಅಷ್ಟೆ. ನೀವಾದ್ರೂ ಒಪ್ಸಿ ಅಣ್ಣ. ಒಂದ್ ಸಲ ನಕ್ಬಿಟ್ರೆ ಸಾಕು, ಬದುಕೋ ಆಸೆ ಐತೆ ಅಂತ ಧೈರ್ಯ ತಂದ್ಕೊಂತೀನಿ."

ಒಳಗೆ ನಂದಕುಮಾರ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು ಅವನು. ಅವನು ಕೂಗಿದರೆ ರಸ್ತೆಯಾಚೆ ಟೀ ಕುಡಿಯುತ್ತಿದ್ದ ವ್ಯಾಪಾರಿಯೂ ಲೋಟ ಇಟ್ಟು ಓಡಿಬರಬೇಕು, ಅಂಥ ಗಂಟಲು. ಅದೇ ಗಂಟಲನ್ನು ಹುಡುಕಿಕೊಂಡು ಬಂತು ಕ್ಯಾನ್ಸರ್. ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕುತ್ತಿಗೆಯಲ್ಲಿ ಉಸಿರಾಡಲು ಬಿಟ್ಟ ತೂತಿನ ಮೇಲೆ ಬಿಳಿ ಬಟ್ಟೆಯ ತುಂಡೊಂದು ಒಳಗೂ ಹೊರಗೂ ಆಡುತ್ತಿತ್ತು. ಅದನ್ನು ನೋಡಲಾಗದೆ ಅಮರನಾಥ್ ಮಾಡಿನ ತೊಲೆ ನೋಡಿದ.

"ಲೇ ನಂದ, ನಾನ್ ಕಣೋ."

ನಂದ ತಿರುಗಲಿಲ್ಲ.

ಅಮರನಾಥನಿಗೆ ಸಮಾಧಾನದ ಮಾತು ಬರುವುದಿಲ್ಲ. ಕೋಲಾರದ ಕಾಲೇಜಿನ ಆಫೀಸಿನಲ್ಲಿ ಕೂತು ಕೂತು "ನಾಳೆ ಬನ್ನಿ" ಎನ್ನುವುದೊಂದೇ ಅವನಿಗೆ ಚೆನ್ನಾಗಿ ರೂಢಿ. ಅದಕ್ಕೇ ಬಸ್ಸು ಹತ್ತುವ ಮೊದಲು ಅಟ್ಟದ ಟ್ರಂಕಿನಿಂದ ಒಂದು ಕಾಮಿಕ್ಸ್ ಹುಡುಕಿ ತಂದಿದ್ದ. ರಟ್ಟು ಹರಿದು, ಇಲಿ ಒಂದು ಮೂಲೆ ತಿಂದಿತ್ತು. ಕಥೆಯ ಡೊಳ್ಳುಹೊಟ್ಟೆಯ ಪೇದೆ ಮಾತ್ರ ಒಳಗೆ ಹಾಗೇ ಇದ್ದ.

ಅವರಿಬ್ಬರೂ ಸ್ಕೂಲಿನಲ್ಲಿದ್ದಾಗ ಶುಕ್ರವಾರದ ಕೊನೆಯ ಪೀರಿಯಡ್ ಆಟಕ್ಕೆ. ಪಿ.ಟಿ. ಮೇಷ್ಟ್ರು ಶ್ರೀರಾಮಪ್ಪನವರಿಗೆ ನಂದನ ಮೇಲೆ ಒಂದು ಕಣ್ಣು. ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ ಎದುರಾಳಿಗಳನ್ನು ಮುಟ್ಟಿ ಬರುವಂಥ ಎದೆ ಇಡೀ ಸ್ಕೂಲಿನಲ್ಲಿ ಅವನೊಬ್ಬನಿಗೇ ಇದ್ದದ್ದು. ಅವನಿಗೋ ಮೈದಾನವೆಂದರೆ ಆಗದು. ಸೀಟಿ ಊದುವ ಮೊದಲೇ ಇಬ್ಬರೂ ಹಿಂದಿನ ಗೋಡೆ ಹಾರಿ, ಮಾವಿನ ತೋಪು ದಾಟಿ, ಇದೇ ಹುಳದ ಮನೆಗೆ ನುಗ್ಗಿ ಹುಳ ಸಾಕುವ ಬಿದಿರು ತಟ್ಟೆಗಳ ಸಾಲಿನ ಹಿಂದೆ ಅಡಗುತ್ತಿದ್ದರು. ಮೇಷ್ಟ್ರು ಹುಡುಕಿಕೊಂಡು ಬಂದರೆ ನಂದನ ತಾಯಿ ಭಾರತಮ್ಮ ಬಾಗಿಲಲ್ಲೇ ಕೈ ಅಡ್ಡ ಹಾಕುತ್ತಿದ್ದಳು.

"ಬೀಡಿ ಸೇದೋ ಕೈಯಿ ಮೇಷ್ಟ್ರೇ ನಿಮ್ದು. ಒಳಕ್ಕೆ ಬಂದ್ರೆ ನನ್ ಹುಳ ಸಾಯ್ತವೆ. ಇಲ್ಲಿ ಹುಳ ಬಿಟ್ರೆ ಯಾರಿಲ್ಲ, ಹೋಗಿ."

ಆ ತಾಯಿ ಸುಳ್ಳು ಹೇಳುತ್ತಿರಲಿಲ್ಲ. ಹುಡುಗರು ಒಳಗಿರುವುದು ಅವಳಿಗೂ ಗೊತ್ತಿರಲಿಲ್ಲ. ಸ್ವಲ್ಪ ಸದ್ದಾದರೂ "ಎವುರ್ರಾ ಲೋಪಲ?" ಎಂದು, ಒಳಗಿರುವುದು ಯಾರೆಂದು ತೆಲುಗಿನಲ್ಲಿ ಗದರುತ್ತಾ, ಪೊರಕೆ ಹಿಡಿದೇ ಬರುವಳು. ಹಾಗಾಗಿ ಕಾಮಿಕ್ಸ್ ಓದುವಾಗ ನಗು ಬಂದರೆ ಸದ್ದಿಲ್ಲದೆ ನಗಬೇಕು. ಅಮರನಾಥ್ ಟವೆಲಿನ ಅಂಚು ಕಚ್ಚಿಕೊಳ್ಳುತ್ತಿದ್ದ. ನಂದ ಮಾತ್ರ ಅದರಲ್ಲಿ ಪಳಗಿಬಿಟ್ಟ. ಬಾಯಿ ಅಗಲಕ್ಕೆ ತೆರೆದು, ಹೆಗಲು ಕುಣಿಸಿ, ಕಣ್ಣಲ್ಲಿ ನೀರು ಬರುವಂತೆ ನಗುವನು, ಪಿಸುಗುಟ್ಟಿದಷ್ಟೂ ಸದ್ದಿಲ್ಲ. ಅಮರನಾಥನ ನಗು ಮೀರುತ್ತದೆ ಎನಿಸಿದರೆ ತುಟಿಯ ಮೇಲೆ ಬೆರಳಿಡುವನು. ಅಷ್ಟು ಸುಖವಾಗಿ ಆಮೇಲೆ ಎಂದೂ ನಕ್ಕದ್ದು ಅಮರನಾಥನಿಗೆ ನೆನಪಿಲ್ಲ.

ಅವನು ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಪುಟ ತೆರೆದ.

"ಕೇಳು. ಇನ್‌ಸ್ಪೆಕ್ಟ್ರು ಮರದ ಕೆಳಗೆ ನಿದ್ದೆ ಹೊಡೀತಾವ್ರೆ. ಮೇಕೆ ಬಂದು ಅವ್ರ ಟೋಪಿ ಕೊಂಬಿಗೆ ಸಿಗಿಸ್ಕೊಂಡು ಪೊದೆಯಿಂದ ತಲೆ ಆಚೆ ಹಾಕ್ತು. ನಮ್ ಪೇದೆ ಓಡಿಬಂದು ಸೆಲ್ಯೂಟ್ ಹೊಡ್ದ. ಏನಂದ ಹೇಳು?"

ನಂದನಿಗೆ ಗೊತ್ತಿತ್ತು. ಗೊತ್ತಿಲ್ಲದಿರಲು ಸಾಧ್ಯವೇ ಇರಲಿಲ್ಲ. ಅಮರನಾಥ್ ತಾನೇ ಓದಿದ.

"ಸಾಹೇಬ್ರೇ, ಗಡ್ಡ ಯಾವಾಗ ಬಿಟ್ರಿ?"

ಹೊದಿಕೆಯ ಕೆಳಗೆ ಹೆಗಲು ಒಮ್ಮೆ ಅಲುಗಿತು. ಮತ್ತೆ ಅಲುಗಿತು. ಆಮೇಲೆ ಬೆನ್ನೆಲ್ಲ ಕುಣಿಯತೊಡಗಿತು. ಅಂಬಲಿಯ ಲೋಟ ಹಿಡಿದು ಬಾಗಿಲಿಗೆ ಬಂದ ಪದ್ಮಶ್ರೀ ಗಾಬರಿಯಾದಳು.

"ಅಯ್ಯೋ, ಅಳ್ತಾವ್ರೇನಣ್ಣ?"

"ಇಲ್ಲಮ್ಮ, ನಗ್ತಾವ್ನೆ! ಚಿಕ್ಕಂದಿನಿಂದ ಇವನ ನಗು ಹಿಂಗೇ," ಎಂದ ಅಮರನಾಥ್. ಅವನ ದನಿಯಲ್ಲಿ ಗೆದ್ದ ಖುಷಿಯಿತ್ತು.

ಅವಳು ಗಂಡನ ಕುಣಿಯುವ ಬೆನ್ನನ್ನೇ ನೋಡುತ್ತಾ ನಿಂತಳು. ಅವಳ ಮುಖ ಎಷ್ಟೋ ದಿನದ ಮೇಲೆ ಬಿಚ್ಚಿಕೊಂಡಿತು. "ನಾಳಿದ್ದಿಗೆ ಗಾಡಿಗೆ ಹೇಳ್ಬಿಡ್ತೀನಿ ಅಣ್ಣ," ಎಂದು ಲೋಟವನ್ನು ಅಲ್ಲೇ ಇಟ್ಟು ಪಕ್ಕದ ಅಡುಗೆಮನೆಯಲ್ಲಿದ್ದ ಫೋನಿಗೆ ಓಡಿದಳು.

ಅಮರನಾಥ್ ಹಾಳೆ ತಿರುಗಿಸಿದ. ಮುಂದಿನ ಪುಟದಲ್ಲಿ ನಗುವಂಥದ್ದು ಏನೂ ಇರಲಿಲ್ಲ, ಶಾಯಿಯ ಜಾಹೀರಾತು. ಅವನು ಓದುವುದನ್ನು ನಿಲ್ಲಿಸಿದ. ನಂದನ ಹೆಗಲು ನಿಲ್ಲಲಿಲ್ಲ.

ಅವನು ಎದ್ದು ಮಂಚ ಸುತ್ತಿಕೊಂಡು ಗೋಡೆಯ ಕಡೆ ಹೋದ. ನಂದನ ದಿಂಬು ಪೂರಾ ಒದ್ದೆಯಾಗಿತ್ತು. ಇದು ಆ ನಗುವಲ್ಲ. ಆ ನಗುವನ್ನು ಇಷ್ಟು ಹತ್ತಿರದಿಂದ ಬಲ್ಲವನು ಲೋಕದಲ್ಲಿ ತಾನೊಬ್ಬನೇ, ತಾನೇ ಮೋಸ ಹೋದೆನಲ್ಲ ಎಂದು ಅವನಿಗೆ ಸಂಕಟವಾಯಿತು. ನಂದ ಅವನ ಕೈ ಹಿಡಿದು, ಬೇಡ ಎನ್ನುವಂತೆ ತಲೆಯಾಡಿಸಿದ.

"ನಂದ, ಒಂದ್ ಸಲ ಆಸ್ಪತ್ರೆಗೆ ಬಾರೋ. ನಾನೂ ಬರ್ತೀನಿ ಜೊತೆಗೆ."

ನಂದ ಮತ್ತೆ ತಲೆಯಾಡಿಸಿದ. ಅಡುಗೆಮನೆಯಿಂದ ಪದ್ಮಶ್ರೀಯ ಮಾತು ಕೇಳುತ್ತಿತ್ತು.

"ಹೂನಪ್ಪ, ನಗ್ತಾವ್ರೆ! ನನ್ ಕಣ್ಣಾರೆ ನೋಡ್ದೆ."

ನಂದ ಆ ಕಡೆ ಕಣ್ಣು ಹಾಯಿಸಿದ. ಆಮೇಲೆ ಅಮರನಾಥನನ್ನು ನೋಡಿ ಬೆರಳೆತ್ತಿ ತುಟಿಯ ಮೇಲಿಟ್ಟುಕೊಂಡ.

ಅಮರನಾಥ್ ಸ್ಟೂಲಿಗೆ ಬಂದು ಕೂತ. ಮೇಕೆಯ ಪುಟವನ್ನೇ ಮತ್ತೆ ತೆರೆದು, ಅಡುಗೆಮನೆಗೆ ಕೇಳುವ ಹಾಗೆ ಓದಿದ.

"ಸಾಹೇಬ್ರೇ, ಗಡ್ಡ ಯಾವಾಗ ಬಿಟ್ರಿ?"

ನಂದ ದಿಂಬಿನ ಪಕ್ಕದ ಟವೆಲಿನ ಅಂಚು ಕಚ್ಚಿಕೊಂಡ. ಅಮರನಾಥ್ ಆ ಕೋಣೆಯಲ್ಲಿ ಮೊದಲ ಸಲ ಗಟ್ಟಿಯಾಗಿ ನಕ್ಕ. ಅದನ್ನು ಕೇಳಿ ಅಡುಗೆಮನೆಯಲ್ಲಿ ಪದ್ಮಶ್ರೀಯೂ ನಕ್ಕಳು.