ಮೂಡದ ಹೆಬ್ಬೆಟ್ಟು

“ಇದರ ಮ್ಯಾಲೆ ಮೊದಲ ಯಾರ ಬೆರಳು ಬೀಳತೈತೋ?”

ಹುಬ್ಬಳ್ಳಿಯ ಓಣಿಯೊಂದರ ಸಣ್ಣ ಕಾರ್ಖಾನೆಯಲ್ಲಿ ನನಗೆ ಬಟ್ಟೆ ಬಿಗಿದ ಹೆಂಗಸು ಹಾಗೆ ಕೇಳಿದಳು. ಸುತ್ತ ಯಾರೂ ಇರಲಿಲ್ಲ. ಉತ್ತರಕ್ಕೆ ಕಾಯದೆ ಮುಚ್ಚಳ ಹಾಕಿದಳು.

ನಾನು ಒಂದು ಶಾಯಿ ಪ್ಯಾಡು. ತಗಡಿನ ಡಬ್ಬಿ, ಒಳಗೆ ಸ್ಪಂಜು, ಮೇಲೆ ಬಿಳಿ ಬಟ್ಟೆ. ನೇರಳೆ ಶಾಯಿ ಕುಡಿದ ದಿನ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು. ಅಕ್ಷರ ಬಾರದವರ ಮಾತಿಗೆ ಸಾಕ್ಷಿ ನಾನೇ ತಾನೆ!

ಮೊದಲು ಪಡಿತರ ಅಂಗಡಿಯಲ್ಲಿದ್ದೆ. ಮುದುಕಿಯರು ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋಗುತ್ತಿದ್ದರು. ಅಲ್ಲಿಗೆ ಬೆರಳು ಓದುವ ಯಂತ್ರ ಬಂತು. ನನ್ನನ್ನು ಪಕ್ಕದ ಪೊಲೀಸ್ ಠಾಣೆಯ ವಿರೂಪಾಕ್ಷಯ್ಯ ಎತ್ತಿಕೊಂಡು ಹೋದ.

ವಿರೂಪಾಕ್ಷಯ್ಯ ಠಾಣೆಯ ರೈಟರು, ಬರವಣಿಗೆಯೆಲ್ಲ ಅವನದೇ. ಹಣೆ ತುಂಬ ವಿಭೂತಿ. ಬೆಳಿಗ್ಗೆ ಕಾಗದ ಬಿಚ್ಚುವಾಗ ಷಟ್ಪದಿಗಳನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದ. ನಾನು ಮುಚ್ಚಳದೊಳಗೆ ಕೂತು ಕೇಳುತ್ತಿದ್ದೆ. ಅವನಿಗೆ ಒಂದೇ ಒಂದು ದುರಭ್ಯಾಸ. ನಾನು ಒಣಗಿದರೆ ಹೊಸ ಶಾಯಿ ತರಿಸುತ್ತಿರಲಿಲ್ಲ. ಲೋಟಕ್ಕೆ ಬೆರಳದ್ದಿ ನೀರು ಚಿಮುಕಿಸುತ್ತಿದ್ದ. “ಶಾಯಿ ಬೇಕಂದ್ರ ಮ್ಯಾಲಿನವರಿಗೆ ಮೂರು ಪತ್ರ ಬರೀಬೇಕು. ನೀರು ಬೇಕಂದ್ರ ಲೋಟದಾಗ ಗಂಗವ್ವ ಇಲ್ಲೇ ಅದಾಳ” ಎಂದು ನಗುತ್ತಿದ್ದ. ನಾನೂ ನಕ್ಕಿದ್ದೆ. ಅದನ್ನು ನೆನೆದರೆ ಈಗ ತಲೆ ತಗ್ಗುತ್ತದೆ.

ಆ ಠಾಣೆಗೆ ಭರಮಪ್ಪ ಬಂದ. ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದು ಹದಿಮೂರು ವರ್ಷ ಜೈಲಿನಲ್ಲಿದ್ದವನು. ಮೂವತ್ತು ದಿನದ ಪೆರೋಲ್ ಸಿಕ್ಕಿತ್ತು. ಪ್ರತಿ ಸೋಮವಾರ ಠಾಣೆಗೆ ಬಂದು ಎಡಗೈ ಹೆಬ್ಬೆಟ್ಟು ಒತ್ತಬೇಕು, ಅದೇ ಷರತ್ತು. ಸನ್ನಡತೆಯ ಬಿಡುಗಡೆ ಪಟ್ಟಿಯಲ್ಲಿ ಅವನ ಹೆಸರಿತ್ತು. ಹೆಂಡತಿ ನೀಲವ್ವ ಮೆಟ್ಟಿಲ ಮೇಲೆ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು: “ಸಂಕ್ರಾಂತಿಗೆ ಪೂರಾ ಬಿಡ್ತಾರಂತ್ರಿ.”

ಮೂರನೆಯ ಸೋಮವಾರ ನಾನು ಒಣಗಿದ್ದೆ. ವಿರೂಪಾಕ್ಷಯ್ಯ ನೀರು ಚಿಮುಕಿಸಿದ. ಭರಮಪ್ಪ ಒತ್ತಿದ. ಕಾಗದದ ಮೇಲೆ ತೆಳ್ಳಗೆ ಒದ್ದೆ ಮಾತ್ರ ಕಂಡಿತು.

“ಸಾಹೇಬ್ರ, ಮೂಡಿಲ್ಲ ಅನಸತೈತಿ. ಇನ್ನೊಮ್ಮಿ ಒತ್ತಲೇನ್ರಿ?”

“ನಿಂದೇನು ರಾಜಮುದ್ರಿ ಏನೋ? ಒಣಗಿದ ಮ್ಯಾಲೆ ಮೂಡತೈತಿ, ನಡಿ ನಡಿ.”

ಮೂಡಲಿಲ್ಲ. ಒಣಗಿದಾಗ ಉಳಿದದ್ದು ಗೆರೆಯಿಲ್ಲದ ಒಂದು ಕಲೆ.

ಅವಧಿ ಮುಗಿದ ದಿನ ಭರಮಪ್ಪ ತಾನಾಗಿಯೇ ಜೈಲಿಗೆ ಮರಳಿದ. ಆದರೆ ಮೇಲಧಿಕಾರಿ ಕಾಗದ ನೋಡಿ, ಒಂದು ಸೋಮವಾರ ಆಸಾಮಿ ಬಂದಿಲ್ಲ, ಷರತ್ತು ಮುರಿದಿದ್ದಾನೆ ಎಂದ. ರೈಟರನ್ನು ಕೇಳಿದರು. ನಿಜ ಹೇಳಿದರೆ ನೀರಿನ ಮಾತೂ ಹೇಳಬೇಕಲ್ಲ. “ನೆನಪಿಲ್ರೀ” ಎಂದ ವಿರೂಪಾಕ್ಷಯ್ಯ. ಮರುದಿನ ಅವನು ಪದ್ಯ ಹೇಳಲಿಲ್ಲ. ನನಗಂತೂ ಬಾಯಿಯೇ ಇಲ್ಲ ಎಂದುಕೊಂಡೆ. ಆದರೆ ನನ್ನ ಬಾಯಿ ಎಂದರೆ ಆ ಗುರುತೇ ಅಲ್ಲವೇ? ಮಾತಾಡಬೇಕಾದ ಒಂದು ದಿನ ನಾನು ತೊದಲಿದ್ದೆ.

ವರದಿಯನ್ನು ಜೈಲಿಗೆ ಒಯ್ದ ಪೇದೆಯ ಚೀಲದಲ್ಲಿ ನಾನೂ ಇದ್ದೆ. ಅವನು ನನ್ನನ್ನು ಜೈಲಿನ ಗುಮಾಸ್ತ ಗುರುನಾಥನ ಮೇಜಿನ ಮೇಲೆ ಮರೆತು ಹೋದ. ಗುರುನಾಥ ಶೀಸೆಯ ಶಾಯಿಯನ್ನೆಲ್ಲ ನನ್ನೊಳಗೆ ಸುರಿದ. ಅಲ್ಲಿಯ ಬ್ಯಾರಕ್ಕು ನಲವತ್ತು ಜನರಿಗೆ ಕಟ್ಟಿದ್ದು, ಇದ್ದವರು ತೊಂಬತ್ತು. ಒಬ್ಬ ಮಗ್ಗುಲಾದರೆ ಸಾಲೆಲ್ಲ ಮಗ್ಗುಲಾಗಬೇಕು. ಅಲ್ಲಿದ್ದವರು ಹೊಸ ಅಪರಾಧ ಮಾಡಿ ಬಂದವರಷ್ಟೇ ಅಲ್ಲ. ಪೆರೋಲ್ ಮುಗಿದ ದಿನ ಬಸ್ಸು ತಪ್ಪಿ ಒಂದು ದಿನ ತಡವಾಗಿ ಬಂದವನಿದ್ದ. ತಂಗಿಯ ಮದುವೆಗೆಂದು ಜಿಲ್ಲೆಯ ಗಡಿ ದಾಟಿ ಸಿಕ್ಕಿಬಿದ್ದವನಿದ್ದ. ಇಬ್ಬರ ಹೆಸರೂ ಬಿಡುಗಡೆ ಪಟ್ಟಿಯಿಂದ ಹಾರಿತ್ತು. “ಹೋಗಬೇಕಾದವರು ಹೋಗಂಗಿಲ್ಲ, ಬರೋವರು ನಿಲ್ಲಂಗಿಲ್ಲ. ಎಲ್ಲಿ ಮಲಗಸೂದು?” ಎಂದು ಗುರುನಾಥ ಗೊಣಗುತ್ತಲೇ ಅವರ ಹೆಬ್ಬೆಟ್ಟು ಹಿಡಿದು ನನಗೆ ಒತ್ತುತ್ತಿದ್ದ. ಅಲ್ಲಿ ನಾನು ಒಂದೊಂದು ಗೆರೆಯನ್ನೂ ಚೆನ್ನಾಗಿ ಮೂಡಿಸಿದೆ. ಆ ಚೆಂದವೇ ನನ್ನ ನಾಚಿಕೆ.

ಈಗ ನನಗೆ ತುಕ್ಕು ಹಿಡಿದಿದೆ, ದಾಖಲೆ ಕೋಣೆಯ ಕಿಟಕಿಯಲ್ಲಿ ಬಿದ್ದಿದ್ದೇನೆ. ಎಷ್ಟೋ ಬೆರಳು ಮರೆತೆ. ಒಂದನ್ನು ಮರೆಯಲಾರೆ.

ನಾನಿನ್ನೂ ಗುರುನಾಥನ ಮೇಜಿನ ಮೇಲಿದ್ದಾಗ ಒಂದು ದಿನ ಭರಮಪ್ಪನನ್ನು ಅಲ್ಲಿಗೆ ಕರೆಸಿದ್ದರು. ಗುರುನಾಥ ಕೆಟ್ಟವನಲ್ಲ; ತಾನೇ ಒಂದು ಕಾಗದ ಬರೆದಿಟ್ಟಿದ್ದ.

“ಓದಿ ಹೇಳ್ರಿ” ಎಂದ ಭರಮಪ್ಪ.

“‘ಆ ಸೋಮವಾರ ನಾನು ಠಾಣೆಗೆ ಹೋಗಲಿಲ್ಲ. ತಪ್ಪಾಯಿತು, ಕ್ಷಮಿಸಬೇಕು.’ ಇಷ್ಟೇ. ಒತ್ತಿದ್ರ ಸಾಹೇಬ್ರು ಮುಂದಿನ ಪಟ್ಟಿಗೆ ಹೆಸರು ಸೇರಸ್ತಾರ. ಇಲ್ಲಾಂದ್ರ ಮೂರು ವರ್ಷ ಪಟ್ಟೀನೂ ಇಲ್ಲ, ಪೆರೋಲೂ ಇಲ್ಲ. ನೀಲವ್ವ ಗೇಟಿನ ಹೊರಗ ಕುಂತಾಳ. ಒತ್ತೋ ಮಾರಾಯ.”

ನನ್ನನ್ನು ಅವನ ಮುಂದೆ ಸರಿಸಿದ. ನಾನು ತುಂಬಿ ಜಿನುಗುತ್ತಿದ್ದೆ. ಒತ್ತಿಬಿಡಪ್ಪಾ ಎಂದು ನಾನೂ ಬೇಡಿಕೊಂಡೆ. ನನ್ನ ಸುಳ್ಳಿಗೆ ನಿನ್ನದೊಂದು ಸುಳ್ಳು ಸೇರಲಿ, ನೀನು ಮನೆ ಸೇರು.

ಭರಮಪ್ಪ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಚಿಕೊಂಡ.

“ಒತ್ತಂಗಿಲ್ರೀ. ಅವತ್ತ ನಾ ಬಂದಿದ್ದೆ.”