ಸೋಫಾ ಇಲ್ಲದ ಮಸ್ಕತ್

ದುಬೈ ಅಲ್ಲ, ಮಸ್ಕತ್. ಎಷ್ಟು ಸಲ ಹೇಳಬೇಕು ನಿಮಗೆ? ಹೋದ ಸಲ ಈ ಕಥೆಯ ವಾಯ್ಸ್ ನೋಟ್ ಹಾಕಿದಾಗ, ಮುದುಕನಿಗೆ ಮರೆವು ಬಂತು, ಅದು ದುಬೈ ಇರಬೇಕು ಎಂದು ಗ್ರೂಪಿನಲ್ಲಿ ಹಲ್ಲು ಕಿರಿದಿರಿ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆವೆಂದು ಮಧ್ಯಾಹ್ನದವರೆಗೆ ಹುಡುಕುವ ನೀವು ನನ್ನ ನೆನಪಿಗೆ ಸರ್ಟಿಫಿಕೇಟ್ ಕೊಡುವುದು ಬೇಡ. ದುಬೈಯಲ್ಲಿ ಈಗ ಭಾನುವಾರ ರಜೆ, ಅಲ್ಲಿ ಈ ಕಥೆ ನಡೆಯುವುದೇ ಇಲ್ಲ. ಮಸ್ಕತ್‌ನಲ್ಲಿ ರಜೆ ಶುಕ್ರವಾರ, ಶನಿವಾರ. ಈಗ ಬಾಯಿ ಮುಚ್ಚಿ ಕೇಳಿ.

ಪುಷ್ಪಾವತಿಗೆ ಸಮುದ್ರ ಬೇಕಿತ್ತು. ಮಲ್ಪೆಯಲ್ಲಿ ಹುಟ್ಟಿ ಬೆಳೆದವಳು, ಗಂಡ ಶ್ರೀಜಿತ್‌ಗೆ ಚಿಪ್ ಯಂತ್ರದ ಕಂಪನಿಯಲ್ಲಿ ಕೆಲಸವೆಂದು ಹಾಲೆಂಡಿನ ವೆಲ್ಡ್‌ಹೋವನ್‌ಗೆ ಬಂದು ಕೂತಿದ್ದಳು. ಅಲ್ಲಿ ಸಮುದ್ರ ಇಲ್ಲವೇ ಎಂದು ಕೇಳಬೇಡಿ. ಇದೆ. ನೂರ್ಡ್‌ವೈಕ್ ಬೀಚಿಗೆ ಒಮ್ಮೆ ಹೋಗಿ, ಗಾಳಿಗೆ ಜಾಕೆಟ್ ಬಿಚ್ಚಲಾಗದೆ, ಕಿವಿ ಮುಚ್ಚಿಕೊಂಡು, ಚಪಾತಿಯ ಜೊತೆ ಮರಳನ್ನೂ ಅಗಿದು ವಾಪಸು ಬಂದಿದ್ದರು. ಅವಳಿಗೆ ಬೇಕಾದದ್ದು ಬರಿಗಾಲಿಗೆ ಬೆಚ್ಚಗೆ ತಾಗುವ ನೀರು, ಪಕ್ಕದಲ್ಲಿ ಗಂಡ, ಮಗಳು. ಬೇರೆ ಯಾರೂ ಬೇಡ.

ಕಷ್ಟವಿದ್ದದ್ದು ಆ ‘ಬೇರೆ ಯಾರೂ ಬೇಡ’ ಎಂಬಲ್ಲಿಯೇ. ಮದುವೆಯಾದ ಹೊಸತರಲ್ಲಿ ಇಬ್ಬರೂ ಮಸ್ಕತ್‌ಗೆ ಹೋಗಿದ್ದರು. ಹೆಸರಿಗೆ ಹನಿಮೂನ್. ಅರ್ಧ ಶ್ರೀಜಿತನ ಸೋದರತ್ತೆ ಇಂದಿರಮ್ಮನ ಸೋಫಾದ ಮೇಲೆ ಕಳೆಯಿತು, ಉಳಿದರ್ಧ ಇಂದಿರಮ್ಮನ ಪರಿಚಯದವರ ಸೋಫಾಗಳ ಮೇಲೆ. ನಮ್ಮ ಕಡೆಯವರು ಗಲ್ಫಿನಲ್ಲಿ ಇಳಿದ ಮೇಲೆ ಯಾವ ಮನೆಯನ್ನೂ ಬಿಡುವಂತಿಲ್ಲವಲ್ಲ, ಬಿಟ್ಟರೆ ಮುಂದಿನ ಮದುವೆಯಲ್ಲಿ ಅವರು ಮುಖ ತಿರುಗಿಸುತ್ತಾರೆ. ಪುಷ್ಪಾವತಿ ಸಮುದ್ರ ನೋಡಿದ್ದು ಕಾರಿನ ಕಿಟಕಿಯಿಂದ, ತೊಡೆಯ ಮೇಲೆ ಯಾರದೋ ಮನೆಯವರು ಕೊಟ್ಟ ಹಲ್ವದ ಡಬ್ಬಿ ಇಟ್ಟುಕೊಂಡು.

ಈಸ್ಟರ್ ಹತ್ತಿರ ಬಂದಾಗ ಅವಳು ಗಟ್ಟಿ ಮನಸ್ಸು ಮಾಡಿದಳು.

“ಮಸ್ಕತ್‌ಗೇ ಹೋಗುದು. ಶುಕ್ರವಾರ ನೀವು ರಜೆ ಹಾಕಿ. ಸಮುದ್ರದ ಬದಿಯಲ್ಲೇ ಹೋಟೆಲ್. ಯಾರಿಗೂ ಹೇಳ್ಲಿಕ್ಕಿಲ್ಲ.”

“ಅತ್ತೆಗೆ ಗೊತ್ತಾದ್ರೆ?” ಎಂದ ಶ್ರೀಜಿತ್.

“ನೀವು ಬಾಯಿ ಬಿಟ್ರೆ ಮಾತ್ರ ಗೊತ್ತಾಗುದು.”

“ಹೋಟೆಲಲ್ಲಿ ಸ್ವೆಂಬಾತ್ ಉಂಟಾ?” ಎಂದಳು ಮಗಳು ಶ್ರೇಯಾ. ಈಜುಕೊಳಕ್ಕೆ ಆ ಹುಡುಗಿಗೆ ಡಚ್ ಶಬ್ದವೇ ಬಾಯಿಗೆ ಬರುವುದು.

ಶ್ರೀಜಿತ್ ಒಳ್ಳೆಯವನು, ಆದರೆ ಸುಳ್ಳು ಹೇಳಲು ಲಾಯಕ್ಕಿಲ್ಲದ ಮನುಷ್ಯ. ಹೋಟೆಲ್ ಯಾವುದು ಚೆನ್ನಾಗಿದೆಯೆಂದು ಯಾರನ್ನು ಕೇಳಿದ ಹೇಳಿ? ಇಂದಿರಮ್ಮನ ಮಗ ಹರಿಪ್ರಸಾದನನ್ನು!

“ಭಾವ, ನಮ್ಮ ಆಫೀಸಲ್ಲಿ ಒಬ್ಬ ಡಚ್ಚ ಇದ್ದಾನೆ. ಅವನಿಗೆ ಈಸ್ಟರಿನ ಶುಕ್ರವಾರಕ್ಕೆ ಮಸ್ಕತ್‌ನಲ್ಲಿ ಬೀಚ್ ಬದಿಯ ಹೋಟೆಲ್ ಬೇಕಂತೆ.”

ಹರಿಪ್ರಸಾದ ಒಂದು ಹೋಟೆಲಿನ ಹೆಸರು ಹೇಳಿದ. ಅಲ್ಲಿಗೆ ಫೋನ್ ಇಡಬೇಕೋ ಬೇಡವೋ?

“ಅದರ ಹತ್ರ ಬೆಳಿಗ್ಗೆ ನೀರುದೋಸೆ ಎಲ್ಲಿ ಸಿಗ್ತದೆ ಭಾವ?”

“ಡಚ್ಚನಿಗೆ ನೀರುದೋಸೆಯಾ?”

“ಹ್ಞಾಂ... ಅವನಿಗೆ ನಮ್ಮ ತಿಂಡಿ ಎಲ್ಲ ಇಷ್ಟ.”

“ಡಚ್ಚನಿಗೆ ಚಟ್ನಿಯಾ, ಕೋಳಿ ಸಾರಾ? ಪುಷ್ಪಕ್ಕನ ಹತ್ರ ಕೇಳಿ ಹೇಳು ಮಾರಾಯ!”

ಮರುದಿನವೇ ಇಂದಿರಮ್ಮನ ಸಂದೇಶ ಬಂತು. ಪುಷ್ಪಾವತಿ ಮಳೆಯಲ್ಲಿ ಸೈಕಲ್ ತುಳಿದು ತರಕಾರಿ ತಂದವಳು, ಒದ್ದೆ ಕೋಟಿನಲ್ಲೇ ನಿಂತು ಕೇಳಿಸಿಕೊಂಡಳು. “ಶುಕ್ರವಾರ ಮಧ್ಯಾಹ್ನ ನಮ್ಮಲ್ಲಿ ಕೋರಿರೊಟ್ಟಿ. ರಾತ್ರಿ ಸರಳಾನ ತಮ್ಮನ ಮನೆ, ನಮ್ಮ ಸೊಸೆಯ ತವರಿನವರಲ್ವಾ, ಬಿಡ್ಲಿಕ್ಕಾಗುದಿಲ್ಲ. ಶನಿವಾರ ಅವಳ ಚಿಕ್ಕಪ್ಪನ ಹೊಸ ಫ್ಲ್ಯಾಟ್ ನೋಡ್ಬೇಕು. ಮತ್ತೆ ಮನೆ ಇರುವಾಗ ಹೋಟೆಲ್ ಎಂತಕ್ಕೆ? ಮಲಗುದು ಇಲ್ಲೇ.”

“ಸಮುದ್ರ ಎಲ್ಲುಂಟು ಇದ್ರಲ್ಲಿ?” ಎಂದು ಕೇಳಿದಳು ಪುಷ್ಪಾವತಿ.

“ದಾರಿಯಲ್ಲಿ ಕಾಣ್ತದೆ,” ಎಂದ ಗಂಡ.

“ಕಾರಿಂದ.”

ಅವಳು ಕೂಗಾಡಲೂ ಇಲ್ಲ, ಅಳಲೂ ಇಲ್ಲ. ಕೋಟು ಬಿಚ್ಚಿ ನೇತುಹಾಕಿ, ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಳು.

“ಅಲ್ಲಿ ಭಾನುವಾರ ಎಲ್ಲರಿಗೂ ಆಫೀಸು, ಮಕ್ಕಳಿಗೆ ಶಾಲೆ, ಅಲ್ವಾ?”

“ಹೌದು.”

“ಇಲ್ಲಿ ಸೋಮವಾರವೂ ಈಸ್ಟರ್ ರಜೆ. ಶನಿವಾರ ಹೊರಡುವ. ನಮಗೆ ರಜೆ ಇರುವ ಭಾನುವಾರ, ಸೋಮವಾರ ಅವರಿಗೆ ಕೆಲಸ. ಯಾರ ಮನೆಯಲ್ಲಿ ಯಾರು ಕೂರ್ಸಿ ಬಡಿಸ್ತಾರೆ ನೋಡುವ!”

ಶ್ರೀಜಿತನ ಮುಖ ಅರಳಿತು, ಮರುಕ್ಷಣವೇ ಬಾಡಿತು. “ಅತ್ತೆಗೆ ಯಾರು ಹೇಳುದು?”

ಅವನು ಹೇಳುವ ಕುಳವಲ್ಲ ಎಂದು ಅವಳಿಗೆ ಗೊತ್ತಿತ್ತು. ತಾನೇ ಫೋನ್ ತೆಗೆದುಕೊಂಡಳು.

“ಅತ್ತೆ, ನಾವು ಶುಕ್ರವಾರ ಬರುದಿಲ್ಲ. ಭಾನುವಾರ, ಸೋಮವಾರ ಇರುದು, ಹೋಟೆಲಲ್ಲಿ. ಊಟಕ್ಕೆ ಯಾರ ಮನೆಗೂ ಬರುದಿಲ್ಲ. ನನಗೆ ಸಮುದ್ರದ ಬದಿ ಸುಮ್ಮನೆ ಕೂರ್ಬೇಕು. ಸಿಟ್ಟು ಬಂದ್ರೆ ನನಗೆ ಬೈಯಿರಿ, ಇವರಿಗೆ ಬೇಡ.”

ಆ ಕಡೆ ಕುಕ್ಕರ್ ಕೂಗಿತು. ಇಂದಿರಮ್ಮ ಕೂಗಲಿಲ್ಲ. ಶ್ರೀಜಿತ್ ಗೋಡೆಗೆ ಮುಖ ಮಾಡಿ ನಿಂತ.

“ಹಾಗಾದ್ರೆ ಕೋರಿರೊಟ್ಟಿ ಮಾಡ್ಲಿಕ್ಕಿಲ್ವಾ?” ಎಂದರು ಇಂದಿರಮ್ಮ ನಿಧಾನವಾಗಿ.

“ಇಲ್ಲ ಅತ್ತೆ.”

“ಹಾಸಿಗೆ ಹಾಕ್ಲಿಕ್ಕೂ ಇಲ್ವಾ?”

“ಇಲ್ಲ.”

“ಅಬ್ಬ! ನಿನಗೆ ದೇವರು ಒಳ್ಳೇದು ಮಾಡ್ಲಿ ಪುಷ್ಪಾ. ಶುಕ್ರವಾರ ಬಂತು ಅಂದ್ರೆ ಯಾರಾದ್ರೂ ಇಳೀತಾರೆ. ನನ್ನ ಸೊಂಟ ಬಿದ್ದುಹೋಗಿದೆ. ಕರೀದಿದ್ರೆ ನಿಮಗೆ ಬೇಜಾರು ಅಂತ ಕರೀತೇನೆ ನಾನು.”

“ಬರದಿದ್ರೆ ನಿಮಗೆ ಬೇಜಾರು ಅಂತ ನಾವು ಬರುದು!”

“ನಮಗೆಲ್ಲ ಮರ್ಲು ಮಾರಾಯ್ತಿ,” ಎಂದು ಇಂದಿರಮ್ಮ ಕೆಮ್ಮು ಬರುವಷ್ಟು ನಕ್ಕರು. “ಹೋಗಿ, ನಿಮ್ಮಷ್ಟಕ್ಕೆ ಕೂತ್ಕೊಳ್ಳಿ. ಸರಳಾನ ಕಡೆಯವರಿಗೆ ನಾನು ಹೇಳ್ತೇನೆ.”

ಬೇಕಾದ ಸಮುದ್ರ ಕೈಗೆ ಸಿಕ್ಕಿತ್ತು. ಫೋನ್ ಇಟ್ಟಿದ್ದರೆ ಮುಗಿಯುತ್ತಿತ್ತು. ಪುಷ್ಪಾವತಿ ಇಡಲಿಲ್ಲ.

“ಸೋಮವಾರ ಸಂಜೆ ನೀವು ಬೀಚಿಗೆ ಬನ್ನಿ ಅತ್ತೆ. ಚಾ ನಾನು ಕುಡಿಸುದು. ಕೈಯಲ್ಲಿ ಎಂತದೂ ಹಿಡ್ಕೊಂಡು ಬರ್ಬಾರ್ದು.”

“ಸ್ವಲ್ಪ ಚಕ್ಕುಲಿ?”

“ಒಂದು ಹಪ್ಪಳ ಸಹ ಬೇಡ.”

ಇಂದಿರಮ್ಮನ ದನಿ ತೆಳ್ಳಗಾಯಿತು. “ಇಷ್ಟು ವರ್ಷ ಈ ಊರಲ್ಲಿದ್ದೇನೆ. ನನ್ನನ್ನು ಚಾಕ್ಕೆ ಕರ್ದವರಿಲ್ಲ. ಎಲ್ಲರೂ ನನ್ನಲ್ಲಿಗೇ ಬರುದು.”

ಹೋದರು. ಭಾನುವಾರ ಇಡೀ ದಿನ ಪುಷ್ಪಾವತಿ ನೀರಿನಲ್ಲಿ ಕಾಲಿಟ್ಟುಕೊಂಡು ಕೂತಳು, ಯಾರೂ ಅವಳನ್ನು ಊಟಕ್ಕೆ ಏಳಿಸಲಿಲ್ಲ. ಸೋಮವಾರ ಸಂಜೆ ಇಂದಿರಮ್ಮ ಬಂದರು. ಖಾಲಿ ಕೈ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಒದ್ದಾಡಿ, ಕೊನೆಗೆ ಸೀರೆಯ ನೆರಿಗೆ ಎತ್ತಿ ಹಿಡಿದು ಅವಳ ಪಕ್ಕ ನೀರಿಗಿಳಿದರು.

ಈಗ ಇದನ್ನು ಕೇಳಿ ಸುಮ್ಮನೆ ಕೂರಬೇಡಿ, ಮುಂದಕ್ಕೆ ಕಳಿಸಿ. ಗಲ್ಫಿನಲ್ಲಿ ಮನೆ ಮಾಡಿಕೊಂಡು, ಯಾರೋ ಬರುತ್ತಾರೆಂದು ಈಗ ಕೋಳಿ ತರಲು ಹೊರಟವರು ಇದ್ದಾರಲ್ಲ, ಅವರಿಗೆ ಮೊದಲು ಕಳಿಸಿ.